ತಪ್ಪು ನಿಮ್ಮದೇ ಅನ್ನಿಸುವ ಆಫೀಸು

ಆಫೀಸಿನಲ್ಲಿ ಸಾಕಾಗಿ ಹೋಗಿದೆ ಅಂತ ನನ್ನ ಬಳಿ ಸಮಾಲೋಚನೆಗೆ ಬರುವವರಲ್ಲಿ ತುಂಬಾ ಜನ ಮೊದಲು ಕೇಳುವುದು, "ನನಗೇ ತಾಳ್ಮೆ ಕಮ್ಮಿನಾ?" ಅಂತ. ಬಾಸ್ ಹೇಗೆ, ತಂಡ ಹೇಗೆ ಅನ್ನುವ ಮಾತು ಆಮೇಲೆ ಬರುತ್ತದೆ. ಅಷ್ಟರಲ್ಲಿ ಅವರಿಗೆ ತಮ್ಮ ಮೇಲಿನ ನಂಬಿಕೆಯೇ ಹೋಗಿರುತ್ತದೆ.

ಕೆಲಸ ಜಾಸ್ತಿ ಇರುವುದು ಬೇರೆ, ವಾತಾವರಣ ಕೆಟ್ಟಿರುವುದು ಬೇರೆ. ಕೆಲಸ ಜಾಸ್ತಿ ಇದ್ದರೆ ಮುಗಿದ ಮೇಲೆ ಮನಸ್ಸು ಹಗುರಾಗುತ್ತದೆ. ಇಲ್ಲಿ ಮುಗಿದ ಮೇಲೂ ಎದೆ ಢವಢವ. ಒಬ್ಬರು ತಮ್ಮ ಫೋನಿನಲ್ಲಿದ್ದ ಒಂದು ಮೇಲ್ ತೋರಿಸಿದರು. ವರದಿ ಕೊಡುವುದು ಒಂದು ದಿನ ತಡವಾಗುತ್ತದೆ ಅಂತ ಎರಡೇ ಸಾಲು. ಅದಕ್ಕೆ ಇಡೀ ಮಧ್ಯಾಹ್ನ ಹಿಡಿದಿತ್ತು. 'ಕ್ಷಮಿಸಿ' ಅಂತ ಹಾಕಿ, ತೆಗೆದು, ಮತ್ತೆ ಹಾಕಿದ್ದರು. ಹಿಂದೊಮ್ಮೆ ಸಹೋದ್ಯೋಗಿಯ ಇಂಥದೇ ಮೇಲನ್ನು ಮ್ಯಾನೇಜರ್ ಮೀಟಿಂಗಿನಲ್ಲಿ ಎಲ್ಲರೆದುರು ಓದಿ ನಕ್ಕಿದ್ದರಂತೆ. ಅವಮಾನ ಆಗಿದ್ದು ಒಬ್ಬರಿಗೆ. ಬಾಯಿ ಮುಚ್ಚಿಕೊಂಡಿರಬೇಕು ಅಂತ ಕಲಿತಿದ್ದು ಇಡೀ ತಂಡ.

ನಾನು ಮೊದಲು ಗಮನಿಸುವುದು ಈ ಮೌನವನ್ನೇ. 1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ, ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಹೊಂದಾಣಿಕೆ ಚೆನ್ನಾಗಿರುವ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು! ಅಲ್ಲಿನವರು ತಪ್ಪಾದರೆ ಹೆದರದೆ ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು ಅನ್ನುವುದು ಅವರು ಕೊಟ್ಟ ವಿವರಣೆ. 'ನಮ್ಮಲ್ಲಿ ಸಮಸ್ಯೆಯೇ ಇಲ್ಲ' ಅನ್ನುವ ಮ್ಯಾನೇಜರ್‌ಗಳು ಇದನ್ನು ಓದಬೇಕು.

ಬರ್ನ್‌ಔಟ್ ಬಗ್ಗೆಯೂ ಒಂದು ಮಾತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಅನ್ನಲಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅಂದಿತು. ಲಕ್ಷಣ ಮೂರು: ವಿಪರೀತ ಸುಸ್ತು, ಕೆಲಸದ ಮೇಲೆ ಜಿಗುಪ್ಸೆ, ಕೆಲಸ ಮಾಡುವ ಸಾಮರ್ಥ್ಯವೇ ಕುಗ್ಗುವುದು. ಮೂರನೆಯದನ್ನು ಜನ ತಮ್ಮದೇ ಅಯೋಗ್ಯತೆ ಅಂದುಕೊಳ್ಳುತ್ತಾರೆ. ನನಗೆ ತುಂಬಾ ಸಂಕಟ ಆಗುವುದು ಇಲ್ಲೇ.

ಹಾಗಾಗಿ ನಾನು ಮೊದಲು ಹೇಳುವುದು, ಬರೆದಿಡಿ ಅಂತ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಬೇಡ, ನಿಮ್ಮದೇ ಪುಸ್ತಕದಲ್ಲಿ. ದಿನಾಂಕ, ಯಾರು ಏನಂದರು, ಆಗ ಯಾರ್ಯಾರಿದ್ದರು. ಅವರ ಮಾತನ್ನು ಅವರು ಆಡಿದ ಹಾಗೇ ಬರೆಯಿರಿ. 'ಅವಮಾನ ಮಾಡಿದರು' ಅಂತ ಬರೆದರೆ ಏನು ನಡೆಯಿತು ಅಂತ ಆಮೇಲೆ ನಿಮಗೇ ಅನುಮಾನ ಬರುತ್ತದೆ. ಬಾಯಿಮಾತಲ್ಲಿ ಏನಾದರೂ ಹೇಳಿದರೆ, 'ನೀವು ಹೇಳಿದಂತೆ ಇದನ್ನು ಮಾಡುತ್ತಿದ್ದೇನೆ' ಅಂತ ಒಂದು ಮೇಲ್ ಹಾಕಿ. ಕೆಲವು ವಾರ ಬರೆದವರಿಗೆ ಒಂದು ಕ್ರಮ ಕಾಣತೊಡಗುತ್ತದೆ: ಬೈಗುಳ ಬರುವುದು ತಪ್ಪು ಮಾಡಿದಾಗಲ್ಲ, ಪ್ರಶ್ನೆ ಕೇಳಿದಾಗ. ಎಚ್‌ಆರ್ ಹತ್ತಿರ ಹೋಗುವುದಾದರೆ ಈ ಪುಸ್ತಕ ಇಟ್ಟುಕೊಂಡೇ ಹೋಗಿ. ಎಚ್‌ಆರ್ ಕೂಡ ಕಂಪನಿಯದೇ ವಿಭಾಗ ಅಲ್ವಾ?

ಬಿಟ್ಟುಬಿಡಿ ಅಂತ ಸುಮ್ನೆ ಹೇಳಿಬಿಡಲು ನನಗೆ ಮನಸ್ಸಿಲ್ಲ. ಸಾಲ ಇರುತ್ತದೆ, ಮನೆ ನಡೆಯಬೇಕು. ಅಲ್ಲೇ ಇದ್ದುಕೊಂಡು ಬೇರೆ ಕೆಲಸ ಹುಡುಕುವುದು ಹೇಡಿತನವಲ್ಲ. ಮುಂದಿನ ಸಂದರ್ಶನದಲ್ಲಿ ನೀವೂ ಒಂದು ಪ್ರಶ್ನೆ ಕೇಳಿ: "ನಿಮ್ಮ ತಂಡದಲ್ಲಿ ಈಚೆಗೆ ಏನು ತಪ್ಪಾಯಿತು, ಆಗ ಏನು ಮಾಡಿದಿರಿ?" ಅಂಥದ್ದೇನೂ ಆಗಿಲ್ಲ ಅಂದರೆ, ಅದೇ ಪ್ರಶ್ನೆಯನ್ನು ಆ ತಂಡದಲ್ಲಿ ಕೆಲಸ ಮಾಡುವ ಇನ್ನೊಬ್ಬರಿಗೂ ಕೇಳಿ ನೋಡಿ.