ಗೇರುಬೀಜದ ಗೋಣಿ ಮತ್ತು ಸಚಿವರ ಸಹಿ

ಮಂಗಳೂರಿರಲಿ, ಕಾರ್ಕಳವಿರಲಿ, ಕುಂದಾಪುರವಿರಲಿ, ಗೇರುಬೀಜ ಕಾರ್ಖಾನೆಯವರು ಲೋಡು ಕೊಳ್ಳುವ ಮೊದಲು ಮಾಡುವುದು ಕಟಿಂಗ್ ಟೆಸ್ಟ್. ಬೇರೆ ಬೇರೆ ಗೋಣಿಗಳಿಂದ ಬೀಜ ತೆಗೆದು ಬೆರೆಸಿ, ಅದರಲ್ಲಿ ಒಂದು ಕೆ.ಜಿ. ತೂಗಿ, ಒಂದೊಂದನ್ನೇ ಉದ್ದಕ್ಕೆ ಸೀಳುತ್ತಾರೆ. ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ, ಹಾಗಾಗಿ ಕೈ ಜೋಪಾನ. ಒಳ್ಳೆಯ ತಿರುಳು ಒಂದು ಕಡೆ, ಎಳಸು ಮತ್ತು ಕಲೆ ಬಿದ್ದದ್ದು ಇನ್ನೊಂದು ಕಡೆ, ಪೊಳ್ಳು ಮತ್ತು ಹುಳ ಹಿಡಿದದ್ದು ಮತ್ತೊಂದು ಕಡೆ. ಮೊದಲನೆಯದಕ್ಕೆ ಪೂರ್ತಿ ತೂಕ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಸೊನ್ನೆ. ಬಂದ ಗ್ರಾಮನ್ನು 80ರಿಂದ ಗುಣಿಸಿ 453.6ರಿಂದ ಭಾಗಿಸಿದರೆ 80 ಕೆ.ಜಿ. ಬೀಜದಲ್ಲಿ ಎಷ್ಟು ಪೌಂಡ್ ತಿರುಳಿದೆ ಎಂದು ಗೊತ್ತಾಗುತ್ತದೆ. ಇದಕ್ಕೆ ಔಟ್‌ಟರ್ನ್ ಎನ್ನುತ್ತಾರೆ. 272 ಗ್ರಾಂ ಬಂದರೆ 48 ಪೌಂಡ್. ಇದು ತಿರುಳಿಗೆ ಅಂಟಿದ ತೆಳು ಹೊಟ್ಟಿನ ಸಮೇತದ ತೂಕ. ಬೋರ್ಮಾದಲ್ಲಿ, ಅಂದರೆ ಬಿಸಿಗಾಳಿಯ ಒಣಕೋಣೆಯಲ್ಲಿ, ಒಣಗಿಸಿ ಹೊಟ್ಟು ಸುಲಿದ ಮೇಲೆ ಇನ್ನೂ ಇಳಿಯುತ್ತದೆ. ಸ್ಥೂಲವಾಗಿ, ನಾಲ್ಕು ಕೆ.ಜಿ. ಬೀಜಕ್ಕೆ ಒಂದು ಕೆ.ಜಿ. ಬಿಳಿ ತಿರುಳು.

ದಿಲ್ಲಿಯಲ್ಲಿ ಸಚಿವರು ಹಾಕುವ ಸಹಿ ನಮ್ಮ ಕರಾವಳಿಯ ಕಾರ್ಖಾನೆಗೆ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಈ ನಾಲ್ಕಕ್ಕೊಂದರ ಲೆಕ್ಕದಿಂದಲೇ ಹೊರಡಬೇಕು. ಕೈಗಾರಿಕಾ ನೀತಿಯ ಚರ್ಚೆಗಳಲ್ಲಿ ಇದು ಬಿಟ್ಟುಹೋಗುತ್ತದೆ, ಹೋಗಬಾರದು.

ಮೊದಲೆಲ್ಲ ಸಚಿವರ ಕೈಯಲ್ಲಿದ್ದ ಆಯುಧವೇ ಬೇರೆ. 1951ರ ಕೈಗಾರಿಕಾ ಕಾಯ್ದೆಯಡಿ ದೊಡ್ಡ ಕಾರ್ಖಾನೆ ಹಾಕಲೂ ಉತ್ಪಾದನೆ ಹೆಚ್ಚಿಸಲೂ ಲೈಸೆನ್ಸ್ ಬೇಕಿತ್ತು. ಆ ಕಾಲದಲ್ಲಿ, 1974ರಿಂದ 1979ರ ನಡುವೆ, ಇದೇ ಕರಾವಳಿಯ ಇಬ್ಬರು ಕೇಂದ್ರ ಕೈಗಾರಿಕಾ ಸಚಿವರಾಗಿದ್ದರು: ಉಡುಪಿಯ ಟಿ. ಎ. ಪೈ, ಅನಂತರ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಜಾರ್ಜ್ ಕಾಲದ 1977ರ ಡಿಸೆಂಬರ್ ನೀತಿ ಸಣ್ಣ ಕೈಗಾರಿಕೆಗಳಷ್ಟೇ ತಯಾರಿಸಲೆಂದು ಮೀಸಲಿಟ್ಟ ವಸ್ತುಗಳ ಪಟ್ಟಿಯನ್ನು ಬಹಳವಾಗಿ ಹಿಗ್ಗಿಸಿತು, ಅದು 800 ದಾಟಿತು. ಮಂಗಳೂರಿನ ಯೆಯ್ಯಾಡಿಯಲ್ಲಿ ನಾವು ಕಾಣುವಂಥ ಜಿಲ್ಲಾ ಕೈಗಾರಿಕಾ ಕೇಂದ್ರಗಳ ಯೋಜನೆಯೂ ಆಗಿನದೇ. 1991ರ ಜುಲೈ 24ರಂದು ಬಹುತೇಕ ಲೈಸೆನ್ಸ್‌ಗಳು ಹೋದವು. 2015ರಲ್ಲಿ ಮೀಸಲು ಪಟ್ಟಿಯ ಕೊನೆಯ 20 ವಸ್ತುಗಳೂ ಹೋದವು. ಉಳಿದದ್ದರಲ್ಲಿ, ಊರಿನ ಬೀಜದ ಜೊತೆ ಆಫ್ರಿಕಾದ ಬೀಜವನ್ನೂ ತರಿಸುವ ಗೇರಿನಂಥ ಉದ್ಯಮಕ್ಕೆ ನೇರವಾಗಿ ತಾಗುವುದು ಆಮದು ಸುಂಕ.

ಸುಂಕ ಒಬ್ಬ ಸಚಿವರ ಮಾತಲ್ಲ. ಬೆಳೆಗಾರನ ಪರವಾಗಿ ಮಾತಾಡುವುದು ಕೃಷಿ ಸಚಿವಾಲಯ. ರಫ್ತುದಾರನ ಅಹವಾಲು ಕೇಳುವುದು ವಾಣಿಜ್ಯ ಸಚಿವಾಲಯ. ದರ ಬರೆಯುವ ಪೆನ್ನು ಹಣಕಾಸು ಸಚಿವರದು. ಮೂವರ ಎಳೆದಾಟ ಗೇರಿನ ಸುಂಕದಲ್ಲಿ ನಿಚ್ಚಳವಾಗಿ ಕಾಣುತ್ತದೆ. 2016ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ಕಚ್ಚಾ ಗೇರುಬೀಜಕ್ಕೆ ಶೇ. 5 ಸುಂಕ ಹಾಕಿದರು, ಅದಕ್ಕೆ ಮೊದಲು ಇರಲಿಲ್ಲ. ಕಾರ್ಖಾನೆಯವರು ಬೊಬ್ಬೆ ಹಾಕಿದರು. 2018ರಲ್ಲಿ ಅವರೇ ಅದನ್ನು ಶೇ. 2.5ಕ್ಕೆ ಇಳಿಸಿದರು. 2019ರಲ್ಲಿ ನಿರ್ಮಲಾ ಸೀತಾರಾಮನ್ ಆಮದಾಗುವ ತಿರುಳಿನ ಸುಂಕವನ್ನು ಶೇ. 45ರಿಂದ 70ಕ್ಕೆ ಏರಿಸಿದರು.

ಶೇ. 2.5 ಎಂದರೆ ಏನು ಮಹಾ ಅನಿಸುತ್ತದೆ. ಲೆಕ್ಕದ ಅನುಕೂಲಕ್ಕೆ ಬಂದರಿಗೆ ಬಂದ ಬೀಜ ಕೆ.ಜಿ.ಗೆ 100 ರೂಪಾಯಿ, ತಿರುಳು ಹೊರದೇಶದಲ್ಲಿ 550 ಎಂದಿಟ್ಟುಕೊಳ್ಳೋಣ. ಒಂದು ಕೆ.ಜಿ. ತಿರುಳಿಗೆ ಬೀಜದ ಖರ್ಚೇ 400. ಉಳಿದ 150ರಲ್ಲಿ ಬೇಯಿಸುವುದು, ಕತ್ತರಿಸುವುದು, ಸುಲಿಯುವುದು, ಗ್ರೇಡಿಂಗ್, ಸೌದೆ, ಬಡ್ಡಿ, ಲಾಭ ಎಲ್ಲವೂ ಆಗಬೇಕು. ಸುಂಕ 400ರ ಮೇಲೆ ಬೀಳುತ್ತದೆ, ಆದರೆ ಹೋಗುವುದು ಈ 150ರಿಂದ. ಶೇ. 2.5 ಎಂದರೆ 10 ರೂಪಾಯಿ, ಅಂದರೆ ಆ 150ರ ಶೇ. 7ರಷ್ಟು. ಶೇ. 5 ಇದ್ದಾಗ ಶೇ. 13 ಮೀರುತ್ತಿತ್ತು. ಔಟ್‌ಟರ್ನ್ 48ರಿಂದ 44ಕ್ಕೆ ಇಳಿದರೆ ನಾಲ್ಕರ ಬದಲು 4.36 ಕೆ.ಜಿ. ಬೀಜ ಬೇಕು, 36 ರೂಪಾಯಿ ಹೆಚ್ಚು ಖರ್ಚು. ಆದರೆ ಕಡಿಮೆ ಔಟ್‌ಟರ್ನಿಗೆ ಮಾರುವವನ ಹತ್ತಿರ ಚೌಕಾಸಿ ಮಾಡಿ ದರ ಇಳಿಸಿಕೊಳ್ಳಬಹುದು. ಸುಂಕದಲ್ಲಿ ಚೌಕಾಸಿಗೆ ಜಾಗವಿಲ್ಲ.

ತಿರುಳಿನ ಮೇಲಿನ ಶೇ. 70ರಿಂದ ದೇಶದೊಳಗೆ ಮಾರುವವನಿಗೆ ದೊಡ್ಡ ಬೇಲಿ ಸಿಕ್ಕಿತು. ರಫ್ತು ಮಾಡುವವನಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ, ಅವನು ಮಾರುವುದು ಹೊರದೇಶದ ದರಕ್ಕೆ. ಅವನಿಗಿರುವ ದಾರಿ ಅಡ್ವಾನ್ಸ್ ಆಥರೈಸೇಶನ್: ಸುಂಕವಿಲ್ಲದೆ ಬೀಜ ತಂದು, ನಿಗದಿತ ಅವಧಿಯೊಳಗೆ ಅದಕ್ಕೆ ತಕ್ಕಷ್ಟು ತಿರುಳು ರಫ್ತು ಮಾಡಬೇಕು. ಊರಿನ ಬೀಜ, ಆಫ್ರಿಕಾದ ಬೀಜ ಎರಡನ್ನೂ ಒಟ್ಟಿಗೆ ನಡೆಸುವ ಸಣ್ಣ ಕಾರ್ಖಾನೆಗೆ ಆ ಕಡತ ಇಟ್ಟುಕೊಳ್ಳುವುದೇ ಒಂದು ಆಳಿನ ಕೆಲಸ.

ಎತ್ತರದ ಬೇಲಿ ಕಂಡಿ ಹುಡುಕುವವರನ್ನೂ ಹುಟ್ಟಿಸುತ್ತದೆ. ಸುಂಕದ ಪಟ್ಟಿಯಲ್ಲಿ ಬರಿಯ ತಿರುಳು 8ನೇ ಅಧ್ಯಾಯ, ಹುರಿದ ಗೇರು 20ನೇ ಅಧ್ಯಾಯ, ದರ ಬೇರೆ ಬೇರೆ. ಹಾಗಾಗಿ ಬರಿಯ ತಿರುಳನ್ನೇ ಹುರಿದದ್ದೆಂದು ತೋರಿಸುವ ಆಸೆ ಹುಟ್ಟುತ್ತದೆ. ಬೋರ್ಮಾದಲ್ಲಿ 70 ಡಿಗ್ರಿ ಆಸುಪಾಸು ಗಂಟೆಗಟ್ಟಲೆ ಇಟ್ಟದ್ದು ಒಣಗಿದ್ದೇ ಹೊರತು ಹುರಿದದ್ದಲ್ಲ. ಬಣ್ಣ, ತೇವಾಂಶ, ರುಚಿ ಮೂರರಲ್ಲೂ ವ್ಯತ್ಯಾಸವಿದೆ. ಅದನ್ನು ಬಂದರಿನಲ್ಲೇ ಪರೀಕ್ಷಿಸುವ ಏರ್ಪಾಟಿಲ್ಲದಿದ್ದರೆ ಶೇ. 70 ಕಾಗದದ ಮೇಲೆ ಉಳಿಯುತ್ತದೆ.

ಇನ್ನು ಬೀಜ ಯಾವ ದೇಶದ್ದು ಎಂಬುದು. ಅತಿ ಹಿಂದುಳಿದ ದೇಶಗಳಿಗೆ ಭಾರತ 2008ರಲ್ಲಿ ಪ್ರಕಟಿಸಿದ ಸುಂಕ ರಿಯಾಯಿತಿಯಲ್ಲಿ ಗೇರೂ ಸೇರಿತ್ತು. ತಾಂಜಾನಿಯಾ, ಬೆನಿನ್ ಆ ಗುಂಪಿನವು, ಐವರಿ ಕೋಸ್ಟ್ ಅಲ್ಲ. ಹಾಗಾಗಿ ಒಂದೇ ಔಟ್‌ಟರ್ನಿನ ಎರಡು ಲೋಡುಗಳ ಖರ್ಚು ಒಂದೇ ಆಗಬೇಕೆಂದಿಲ್ಲ. ಬೀಜ ಯಾವ ದೇಶದ್ದೆಂದು ಹೇಳುವ ಮೂಲ ಪ್ರಮಾಣಪತ್ರದಲ್ಲಿ ಹೆಸರು, ತೂಕ, ಇನ್‌ವಾಯ್ಸ್ ನಂಬರ್ ತಾಳೆಯಾಗದಿದ್ದರೆ ರಿಯಾಯಿತಿಗೆ ತಕರಾರು ಏಳುತ್ತದೆ. 2020ರ ಕಸ್ಟಮ್ಸ್ ನಿಯಮಗಳ ಪ್ರಕಾರ ಮೂಲದ ವಿವರಗಳನ್ನು ಆಮದುದಾರನೇ ಇಟ್ಟುಕೊಂಡಿರಬೇಕು.

ಬೆಳೆಗಾರನಿಗೆ ನೆರವಾಗಲೆಂದೇ ಕಚ್ಚಾ ಬೀಜಕ್ಕೆ ಸುಂಕ ಎನ್ನುವ ವಾದವಿದೆ. ಅದು ಪ್ರಾಮಾಣಿಕ ವಾದ, ಆದರೆ ಮರದ ಗಡಿಯಾರ ಬೇರೆ. ಪುತ್ತೂರಿನ ಗೇರು ಸಂಶೋಧನಾ ಕೇಂದ್ರದಿಂದ ಕಸಿ ಗಿಡ ತಂದು ಏಳೂವರೆ ಮೀಟರ್ ಅಂತರದಲ್ಲಿ, ಎಕರೆಗೆ 70ರಷ್ಟು ನೆಟ್ಟರೆ ಫಸಲು ಶುರುವಾಗುವುದು ಮೂರನೇ ವರ್ಷ, ತುಂಬು ಫಸಲಿಗೆ ಎಂಟು ಹತ್ತು ವರ್ಷ ಕಾಯಬೇಕು. ಸುಂಕವೋ, ಎರಡೇ ವರ್ಷದಲ್ಲಿ ಅರ್ಧವಾಯಿತು. ಅಂಥ ದರವನ್ನು ನಂಬಿ ಯಾರೂ ಗುಡ್ಡೆಯಲ್ಲಿ ಹೊಂಡ ತೋಡುವುದಿಲ್ಲ. ಹಳೆಯ ಮರ ಕಡಿದು ಹೊಸ ತಳಿ ನೆಡುವವನಿಗೆ ಫಸಲು ಬರುವವರೆಗೆ ಸಿಗುವ ಸಹಾಯಧನ ನನ್ನ ಅಂದಾಜಿನಲ್ಲಿ ಸುಂಕಕ್ಕಿಂತ ಹೆಚ್ಚು ಬೀಜ ಕೊಡುತ್ತದೆ.

ಕಾಲದ ತೊಡಕು ಕಾರ್ಖಾನೆಗೂ ಇದೆ. ನಮ್ಮ ಊರಿನದೂ ಪಶ್ಚಿಮ ಆಫ್ರಿಕಾದ್ದೂ ಫಸಲು ಹೆಚ್ಚುಕಡಿಮೆ ಫೆಬ್ರವರಿಯಲ್ಲೇ ಶುರು. ವರ್ಷವಿಡೀ ನಡೆಸಲು ಬೇಕಾದ ಬೀಜದ ಬಹುಪಾಲನ್ನು ಆ ನಾಲ್ಕೈದು ತಿಂಗಳಲ್ಲೇ ಕೊಂಡು, ತೇವಾಂಶ ಶೇ. 10 ಮೀರದಂತೆ ಒಣಗಿಸಿ ಗೋದಾಮಿನಲ್ಲಿ ಇಡಬೇಕು. ಸುಂಕ ಕಟ್ಟುವುದು ಬೀಜ ಬಿಡಿಸಿಕೊಳ್ಳುವಾಗಲೇ, ದುಡ್ಡು ವಾಪಸು ಬರುವುದು ತಿರುಳು ಮಾರಿದ ಮೇಲೆ. ನಡುವಿನ ತಿಂಗಳುಗಳ ಬಡ್ಡಿಯೂ ಅದೇ 150ರಿಂದ ಹೋಗುತ್ತದೆ.

2017ರಿಂದ ಬಜೆಟ್ ಮಂಡನೆ ಸಾಮಾನ್ಯವಾಗಿ ಫೆಬ್ರವರಿ 1ಕ್ಕೆ. ಸುಂಕದ ದರಕ್ಕೆ ಗಣನೆಯಾಗುವುದು ಒಪ್ಪಂದ ಮಾಡಿಕೊಂಡ ದಿನವಲ್ಲ, ಬಂದರಿನಲ್ಲಿ ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ಘೋಷಣಾ ಪತ್ರ, ಸಲ್ಲಿಸಿದ ದಿನ. ಅದನ್ನು ಮುಂಚೆಯೇ ಸಲ್ಲಿಸಿದ್ದರೆ ಹಡಗಿಗೆ ಪ್ರವೇಶ ಸಿಕ್ಕಿದ ದಿನ. ಜನವರಿಯಲ್ಲಿ ದರ ಕುದುರಿಸಿ ಮುಂಗಡ ಕೊಟ್ಟವನ ಬೀಜ ಇನ್ನೂ ಸಮುದ್ರದ ಮೇಲಿರುವಾಗ ಹೊಸ ದರ ಜಾರಿಗೆ ಬಂದರೆ, ಪಣಂಬೂರಿನ ಬಂದರಿನಲ್ಲಿ ಅವನು ಕಟ್ಟಬೇಕಾದದ್ದು ಆ ಹೊಸ ದರ.