ಟೆಂಪರಿಂಗ್ ನಾಳೆಗೆ ಇಡಬೇಡಿ

ಗಟ್ಟಿಯಾಗಲೆಂದು ಕೆಂಪಗೆ ಕಾಯಿಸಿ, ಸಂಜೆ ಎಣ್ಣೆಯಲ್ಲಿ ಅದ್ದಿ ತೆಗೆದ ಉಕ್ಕಿನ ಶಾಫ್ಟ್ ಅದು. ಅರ ಹಾಕಿ ಉಜ್ಜಿದರೆ ಸರಿಯಾಗಿ ಕಚ್ಚುತ್ತಲೇ ಇರಲಿಲ್ಲ, ಅಷ್ಟು ಗಟ್ಟಿ. ಇದಾದ ಮೇಲೆ ಟೆಂಪರಿಂಗ್ ಮಾಡಬೇಕು, ಅಂದರೆ ಅದ್ದಿದ ಉಕ್ಕನ್ನು ಮತ್ತೆ ಹದವಾಗಿ ಕಾಯಿಸಬೇಕು. ಆದರೆ ಅದರ ಫರ್ನೇಸ್ ಖಾಲಿ ಇರಲಿಲ್ಲ. ಬೆಳಿಗ್ಗೆ ಮಾಡಿದರಾಯಿತು ಎಂದು ಹಾಗೇ ಇಟ್ಟು ಹೋದೆವು. ಮರುದಿನ ನೋಡಿದರೆ ಕೀವೇ (ಚಕ್ರವನ್ನು ಹಿಡಿದಿಡುವ ಕೀಲು ಕೂರಲು ಶಾಫ್ಟ್‌ನಲ್ಲಿ ಕೊರೆದ ಸೀಳು) ಮೂಲೆಯಿಂದ ಉದ್ದಕ್ಕೂ ಬಿರುಕು. ಅದನ್ನು ಯಾರೂ ಮುಟ್ಟಿರಲಿಲ್ಲ, ಯಾವ ಹೊರೆಯೂ ಬಿದ್ದಿರಲಿಲ್ಲ.

ಸುಮ್ನೆ ಮಲಗಿದ್ದ ಉಕ್ಕು ಯಾಕೆ ಸೀಳಿತು?

ಆ ಶಾಫ್ಟ್‌ನಲ್ಲಿ ಶೇ 0.4ರಷ್ಟು ಇಂಗಾಲ ಇತ್ತು. ಸುಮಾರು 850 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಕಬ್ಬಿಣದ ಪರಮಾಣುಗಳ ಜೋಡಣೆ ಬದಲಾಗಿ, ಆ ಇಂಗಾಲವೆಲ್ಲ ಅದರಲ್ಲಿ ಕರಗುತ್ತದೆ. ತಣ್ಣಗಿನ ಕಬ್ಬಿಣದ ಜೋಡಣೆಯೇ ಬೇರೆ. ಅದರಲ್ಲಿ ಶೇ 0.02ರಷ್ಟು ಇಂಗಾಲಕ್ಕೂ ಜಾಗವಿಲ್ಲ. ನಿಧಾನವಾಗಿ ಆರಲು ಬಿಟ್ಟರೆ ಇಂಗಾಲ ಹೊರಬಂದು ಕಾರ್ಬೈಡ್ (ಕಬ್ಬಿಣ, ಇಂಗಾಲ ಸೇರಿದ ಸಂಯುಕ್ತ) ಪದರಗಳಾಗಿ ಕೂರುತ್ತದೆ. ಎಣ್ಣೆಗೆ ಅದ್ದಿದರೆ ಹೊರಬರಲು ಸಮಯವೇ ಸಿಗುವುದಿಲ್ಲ. ಒಳಗೇ ಸಿಕ್ಕಿಕೊಂಡು ಇಡೀ ಜೋಡಣೆಯನ್ನು ಹಿಗ್ಗಿಸುತ್ತದೆ. ಇದೇ ಮಾರ್ಟೆನ್ಸೈಟ್. ಜರ್ಮನಿಯ ಲೋಹತಜ್ಞ ಅಡಾಲ್ಫ್ ಮಾರ್ಟೆನ್ಸ್ ಅವರ ಹೆಸರಿನಿಂದ ಬಂದ ಪದ.

ಮಾರ್ಟೆನ್ಸೈಟ್ ಆಗುವಾಗ ಉಕ್ಕು ಸ್ವಲ್ಪ ಊದಿಕೊಳ್ಳುತ್ತದೆ. ತೊಂದರೆ ಹುಟ್ಟುವುದು ಇಲ್ಲೇ. ಹೊರಮೈ ಮೊದಲು ತಣ್ಣಗಾಗಿ ಬಿಗಿದುಕೊಳ್ಳುತ್ತದೆ, ಒಳಭಾಗ ಆಮೇಲೆ ಊದುತ್ತದೆ. ಹೊರಗಿನದು ಬಗ್ಗದಷ್ಟು ಪೆಡಸು, ಒಳಗಿನದು ತಳ್ಳುತ್ತಲೇ ಇರುತ್ತದೆ. ಆ ಎಳೆತವೆಲ್ಲ ಚೂಪು ಮೂಲೆಯಲ್ಲಿ ಬಂದು ಸೇರುತ್ತದೆ. ಕೀವೇ ಮೂಲೆಗೆ ಒಂದಿಷ್ಟು ದುಂಡು ಕೊಡಿ ಎಂದು ಡ್ರಾಯಿಂಗ್ ಮಾಡುವವರನ್ನು ನಾನು ಪ್ರತಿ ಸಲ ಕೇಳಿಕೊಳ್ಳುವುದು ಇದಕ್ಕೇ.

ಟೆಂಪರಿಂಗ್ ಮಾಡಿದಾಗ ಸಿಕ್ಕಿಕೊಂಡಿದ್ದ ಇಂಗಾಲ ಮೆಲ್ಲಗೆ ಹೊರಬಂದು ಸಣ್ಣ ಕಾರ್ಬೈಡ್ ಕಣಗಳಾಗುತ್ತದೆ. ಬಿಗಿ ಸಡಿಲುತ್ತದೆ. ಗಟ್ಟಿತನ ಒಂದಿಷ್ಟು ಹೋಗುತ್ತದೆ ನಿಜ, ಆದರೆ ಪೆಟ್ಟು ತಾಳುವ ಗುಣ ಬರುತ್ತದೆ. ಅದಿಲ್ಲದ ಶಾಫ್ಟ್ ಯಾರಿಗೆ ಬೇಕು, ಅಲ್ವಾ? ಶಾಫ್ಟ್‌ಗಳಿಗೆ ಸಾಮಾನ್ಯವಾಗಿ 550ರಿಂದ 650 ಡಿಗ್ರಿ, ಕತ್ತರಿಸುವ ಅಲಗಿಗೆ 200ರ ಆಸುಪಾಸು. ಹಿಂದೆ ಕಮ್ಮಾರರು ಇದನ್ನು ಬಣ್ಣದಲ್ಲೇ ಹಿಡಿಯುತ್ತಿದ್ದರು. ಉಜ್ಜಿ ಹೊಳಪು ಬರಿಸಿದ ಉಕ್ಕು 230ರ ಹೊತ್ತಿಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, 300ರ ಹೊತ್ತಿಗೆ ನೀಲಿಯಾಗುತ್ತದೆ. ಮೇಲ್ಮೈಯ ತೆಳು ಆಕ್ಸೈಡ್ ಪದರ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಾರದ ನೋಟ ಅದು.

ಇನ್ನೊಂದು ಎಚ್ಚರಿಕೆ. ಸ್ವಲ್ಪ ಗಟ್ಟಿ ಉಳಿಯಲಿ ಎಂದು 300-350ರಲ್ಲಿ ನಿಲ್ಲಿಸುವವರಿದ್ದಾರೆ. ಹಲವು ಮಿಶ್ರಲೋಹ ಉಕ್ಕುಗಳು ಆ ಶಾಖದಲ್ಲಿ ಮತ್ತೆ ಪೆಡಸಾಗುತ್ತವೆ. ಗಟ್ಟಿತನದ ಅಳತೆ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಪೆಟ್ಟು ಹಾಕಿ ಪರೀಕ್ಷೆ ಮಾಡಿದಾಗಲೇ ತಿಳಿಯುವುದು.

ಆ ಬಿರುಕಿನ ನಂತರ ನಾವು ಅದ್ದಿದ ಉಕ್ಕನ್ನು ರಾತ್ರಿಯಿಡೀ ಬಿಟ್ಟಿಲ್ಲ. 50-60 ಡಿಗ್ರಿಗೆ ಇಳಿದ ಕೂಡಲೇ ಟೆಂಪರಿಂಗ್‌ಗೆ ಹಾಕುತ್ತೇವೆ. ಫರ್ನೇಸ್ ಸಿಗದಿದ್ದರೆ, ಸಣ್ಣ ಓವನ್ನಿನಲ್ಲಾದರೂ 150 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟು, ಪೂರ್ತಿ ಟೆಂಪರಿಂಗ್ ಬೆಳಿಗ್ಗೆ ಮಾಡುತ್ತೇವೆ.