ಗೋವಾ: ಮತ ಎಣಿಕೆ ಮುಗಿದ ಮೇಲಿನ ಲೆಕ್ಕ

ಗೋವಾದ ವಾಸ್ಕೋ ಸುತ್ತಲಿನ ಜುವಾರಿನಗರ, ಬೈನಾ ಕಡೆಯ ಕನ್ನಡಿಗರನ್ನು ‘ನಿಮ್ಮ ಶಾಸಕರು ಯಾವ ಪಕ್ಷ?’ ಅಂತ ಕೇಳಿ ನೋಡಿ. ‘ಗೆದ್ದಾಗಿನ ಪಕ್ಷವೋ, ಈಗಿನದೋ?’ ಎಂದು ತಿರುಗಿ ಕೇಳುವವರು ಸಿಗುತ್ತಾರೆ. ಗೋವಾದ ಮಟ್ಟಿಗೆ ಅದು ನ್ಯಾಯವಾದ ಪ್ರಶ್ನೆಯೇ.

1963ರ ಮೊದಲ ಚುನಾವಣೆಯಿಂದ 1979ರವರೆಗೆ ಹೆಚ್ಚುಕಮ್ಮಿ ಮಹಾರಾಷ್ಟ್ರವಾದಿ ಗೋಮಂತಕ ಪಕ್ಷ, ಆಮೇಲೆ ಕಾಂಗ್ರೆಸ್, 1987ರಲ್ಲಿ ರಾಜ್ಯದ ಸ್ಥಾನಮಾನ, 90ರ ದಶಕದಲ್ಲಿ ನೆನಪಿಡಲು ಆಗದಷ್ಟು ಮುಖ್ಯಮಂತ್ರಿಗಳು, 2000ದಲ್ಲಿ ಬಿಜೆಪಿಯ ಮೊದಲ ಸರ್ಕಾರ. ಹಳೇ ಕಥೆ ಇಷ್ಟೇ. ಈಗಿನ ಗೋಜಲು ಅರ್ಥವಾಗಬೇಕಾದರೆ ಕಾನೂನನ್ನು ನೋಡಬೇಕು.

1985ರ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಒಂದು ಪಕ್ಷದ ಮೂರನೇ ಒಂದು ಭಾಗ ಶಾಸಕರು ಹೊರಬಂದರೆ ಅದು ‘ಒಡಕು’, ತಪ್ಪಲ್ಲ. 2003ರ ತಿದ್ದುಪಡಿ ಆ ಬಾಗಿಲು ಮುಚ್ಚಿತು. ಮೂರನೇ ಎರಡು ಭಾಗ ಒಟ್ಟಿಗೆ ಹೋದರೆ ‘ವಿಲೀನ’ ಅನ್ನುವ ಬಾಗಿಲು ಮಾತ್ರ ಹಾಗೇ ಉಳಿಯಿತು. ದೊಡ್ಡ ರಾಜ್ಯದಲ್ಲಿ ಅಷ್ಟು ಜನರನ್ನು ಸೇರಿಸುವುದು ಸುಲಭವಲ್ಲ. 40 ಸೀಟಿನ ಗೋವಾದಲ್ಲಿ ಅವರೆಲ್ಲ ಒಂದು ಊಟದ ಮೇಜಿಗೆ ಸಾಕು.

2017ರಲ್ಲಿ ಕಾಂಗ್ರೆಸ್ 17 ಗೆದ್ದಿತು, ಬಿಜೆಪಿ 13. ಸರ್ಕಾರ ಮಾಡಿದ್ದು ಬಿಜೆಪಿ. ಫಲಿತಾಂಶ ಬಂದ ಮೂರೇ ದಿನಕ್ಕೆ, ಮಾರ್ಚ್ 14ರಂದು, ರಕ್ಷಣಾ ಸಚಿವ ಸ್ಥಾನ ಬಿಟ್ಟು ಬಂದ ಮನೋಹರ್ ಪರಿಕ್ಕರ್ ಪ್ರಮಾಣವಚನ ತೆಗೆದುಕೊಂಡರು. ಅವರು ತೀರಿಕೊಂಡ ಮೇಲೆ ಶುರುವಾದ ಲೆಕ್ಕವೇ ಬೇರೆ. 2019ರ ಮಾರ್ಚ್‌ನಲ್ಲಿ ಗೋಮಂತಕ ಪಕ್ಷದ ಮೂವರಲ್ಲಿ ಇಬ್ಬರು ಬಿಜೆಪಿಗೆ ಹೋದರು. ಜುಲೈನಲ್ಲಿ ಕಾಂಗ್ರೆಸ್‌ನಲ್ಲಿ ಆಗ ಇದ್ದ 15ರಲ್ಲಿ 10. 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಕಾಂಗ್ರೆಸ್‌ನ 11ರಲ್ಲಿ 8. ಮೂರು ಸಲವೂ ಕಾನೂನು ಕೇಳುವಷ್ಟೇ ಜನ, ಒಬ್ಬರೂ ಜಾಸ್ತಿ ಇಲ್ಲ! ಸುಮ್ನೆ ಕಾಕತಾಳೀಯ ಅನ್ನೋಣ ಅಲ್ವಾ? 2022ರ ಚುನಾವಣೆಗೆ ಮೊದಲು ಕಾಂಗ್ರೆಸ್ ತನ್ನ ಅಭ್ಯರ್ಥಿಗಳನ್ನು ದೇವಸ್ಥಾನ, ಚರ್ಚ್, ದರ್ಗಾಗಳಿಗೆ ಕರೆದೊಯ್ದು ‘ಪಕ್ಷ ಬಿಡುವುದಿಲ್ಲ’ ಎಂದು ಆಣೆ ಮಾಡಿಸಿತ್ತು. 2019ರ ವಿಲೀನವನ್ನು ಬಾಂಬೆ ಹೈಕೋರ್ಟ್‌ನ ಗೋವಾ ಪೀಠವೂ ಒಪ್ಪಿತು.

(2019ರ ಆ ಜುಲೈನಲ್ಲೇ ಬೆಂಗಳೂರಿನ ಸಮ್ಮಿಶ್ರ ಸರ್ಕಾರವೂ ಅಲುಗಾಡುತ್ತಿತ್ತು. ವಾಸ್ಕೋದ ಕನ್ನಡಿಗರಿಗೆ ಎರಡೂ ಕಡೆಯ ನಾಟಕ ಒಂದೇ ಟಿವಿಯಲ್ಲಿ.)

ಇನ್ನೊಂದು ಕಾರಣ ಮಂತ್ರಿ ಸ್ಥಾನ. ಮಂತ್ರಿಗಳು ಸದನದ ಶೇ. 15 ಮೀರಬಾರದು, ಆದರೆ ಸಣ್ಣ ರಾಜ್ಯಗಳಲ್ಲಿ ಮುಖ್ಯಮಂತ್ರಿ ಸೇರಿ 12 ಮಂದಿಗೆ ಅವಕಾಶವಿದೆ. ಬಹುಮತಕ್ಕೆ ಬೇಕಾದ 21ರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಖುರ್ಚಿ ಖಾತ್ರಿ ಅಂದ ಹಾಗಾಯಿತು. ವಿರೋಧದಲ್ಲಿ ಕೂರಲು ಯಾರಿಗೆ ಮನಸ್ಸು ಬಂದೀತು?

ಕ್ಷೇತ್ರಗಳೂ ಚಿಕ್ಕವು. ಒಂದೊಂದರಲ್ಲಿ ಮೂವತ್ತು ಸಾವಿರದ ಆಸುಪಾಸು ಮತದಾರರು. 2022ರಲ್ಲಿ ಮುಖ್ಯಮಂತ್ರಿ ಪ್ರಮೋದ್ ಸಾವಂತ್ ಗೆದ್ದದ್ದೇ 666 ಮತಗಳಿಂದ. ಹೀಗಿರುವಾಗ ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಬಂದು ನೆಲೆಸಿದವರ ಒಂದು ಓಣಿಯ ಓಟಿಗೂ ಬೆಲೆ ಇದೆ. ಮಹದಾಯಿ ವಿಷಯ ಎದ್ದರೆ ಅಲ್ಲಿನ ಎಲ್ಲ ಪಕ್ಷಗಳದ್ದೂ ಒಂದೇ ಮಾತು. ಹಾಗಾಗಿ ಇವರು ಪಕ್ಷ ನೋಡುವುದು ಕಡಿಮೆ. ನಲ್ಲಿ ನೀರು, ಮನೆ ನಂಬರು, ರೇಷನ್ ಕಾರ್ಡಿಗೆ ಯಾರು ಓಡಾಡುತ್ತಾರೋ ಅವರಿಗೆ ಓಟು. ಅವರು ನಾಳೆ ಪಕ್ಷ ಬದಲಿಸಿದರೂ ನಲ್ಲಿ ಕೆಲಸ ನಿಲ್ಲುವುದಿಲ್ಲ, ಇನ್ನೂ ಬೇಗ ಆಗುತ್ತದೆ ಎಂದು ಲೆಕ್ಕ ಹಾಕುವವರೂ ಇದ್ದಾರೆ.

2022ರಲ್ಲಿ ಬಿಜೆಪಿ ಗೆದ್ದದ್ದು 20. ಎಂಟು ಮಂದಿ ಬಂದು 28 ಆಯಿತು. ಗೋಮಂತಕ ಪಕ್ಷದ ಇಬ್ಬರು, ಪಕ್ಷೇತರರು ಮೂವರು ಸೇರಿ 33. ಎದುರು ಸಾಲಿನಲ್ಲಿ ಉಳಿದವರು ಏಳು. ಮಂತ್ರಿ ಸ್ಥಾನ ಮಾತ್ರ ಆಗಲೂ 12. ಈಗ ಪೈಪೋಟಿಯೆಲ್ಲ ಒಂದೇ ಸಾಲಿನೊಳಗೆ.